ಕ್ಷಮೆ ಸಾರಿದ ಮರುದಿನ

ಕೊರೊನಾ ಕಳೆದು ಊರು ಮತ್ತೆ ತನ್ನ ಗದ್ದಲಕ್ಕೆ ಮರಳಿದ್ದ ವರ್ಷ. ನಾನಾಗ ತುಮಕೂರಿನ ಒಂದು ಸಣ್ಣ ಲೂಥರನ್ ಸಭೆಗೆ ಪಾಸ್ಟರ್. ಸಭೆ ಎಂದರೆ ನಮ್ಮಲ್ಲಿ ಕಟ್ಟಡವಲ್ಲ, ಸೇರುವ ಜನ. ಭಾನುವಾರ ಬೆಳಿಗ್ಗೆ ತುಮಕೂರಿನಲ್ಲಿ ಆರಾಧನೆ, ಮಧ್ಯಾಹ್ನ ಗುಬ್ಬಿಯ ಒಂದು ಬಾಡಿಗೆ ಹಾಲಿನಲ್ಲಿ, ಶನಿವಾರಗಳಂದು ಕುಣಿಗಲ್‌ನ ಕೆಲವು ಮನೆಗಳಲ್ಲಿ ಪ್ರಾರ್ಥನೆ. ಈ ಮೂರು ಊರುಗಳ ನಡುವೆ ಓಡಾಡಿ ನನ್ನ ಸ್ಕೂಟರಿನ ಸೀಟು ಹರಿದುಹೋಗಿತ್ತು. 'ಪಾಸ್ಟರಮ್ಮ' ಎಂದರೆ ನಮ್ಮ ಜನಕ್ಕೆ ಪಾಸ್ಟರ ಹೆಂಡತಿ. ಹೆಂಗಸೇ ಪಾಸ್ಟರಾಗಿ ಬಂದಾಗ ಏನೆಂದು ಕರೆಯುವುದು ಎಂದು ಸ್ವಲ್ಪ ದಿನ ತಡವರಿಸಿ, ಕಡೆಗೆ 'ಅಮ್ಮನವ್ರು' ಎಂದು ಇತ್ಯರ್ಥ ಮಾಡಿಕೊಂಡರು.

ಇಲ್ಲಿ ಹೇಳಹೊರಟಿರುವ ಸಂಗತಿಯನ್ನು ಬಹಳ ಕಾಲ ನಾನು ಯಾರಿಗೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಪಾಸ್ಟರ್ ಬಳಿ ಗುಟ್ಟಾಗಿ ಒಪ್ಪಿಕೊಂಡ ಪಾಪ ಪಾಸ್ಟರ್ ಜೊತೆಗೇ ಮಣ್ಣಾಗಬೇಕು ಎನ್ನುವುದು ನಾವು ದೀಕ್ಷೆಯ ದಿನ ಕೊಡುವ ಮಾತು. ಈಗ ಬರೆಯುತ್ತಿರುವುದು ಆ ಮನುಷ್ಯನೇ "ಬರೀರಿ ಅಮ್ಮನವ್ರೇ, ಯಾರಿಗಾದ್ರೂ ಉಪಯೋಗಕ್ಕೆ ಬರ್ಬೋದು" ಎಂದಿದ್ದರಿಂದ. ಅವನ ಹೆಸರನ್ನಂತೂ ಬದಲಿಸಿದ್ದೇನೆ. ಜಯಶೀಲ ಎಂದಿರಲಿ.

ಜಯಶೀಲನ ತಂದೆ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಮನೆ ಮಂದಿಯೆಲ್ಲ ಗುಬ್ಬಿಗೆ ಬಂದು ನೆಲೆಸಿದರು. ಜಯಶೀಲ ಪರೀಕ್ಷೆ ಪಾಸು ಮಾಡಿ ಬಾಯ್ಲರ್ ಅಟೆಂಡೆಂಟ್ ಆದ. ಅಂತರಸನಹಳ್ಳಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ತೆಂಗಿನಕಾಯಿ ತುರಿದು ಒಣಗಿಸಿ ಪುಡಿ ಮಾಡುವ ಒಂದು ಕಾರ್ಖಾನೆ. ಕಾಯಿ ಒಣಗಿಸುವ ಡ್ರೈಯರ್‌ಗೆ ಹಬೆ ಬೇಕು. ಆ ಹಬೆಯನ್ನು ಕೊಡುವ ಬಾಯ್ಲರಿನ ಮುಂದೆ ಚಿಪ್ಪು ಸುರಿದು ಬೆಂಕಿ ಕಾಯುವುದು ಅವನ ಕೆಲಸ. ಮಿತಭಾಷಿ. ಹಾಡುವಾಗ ಮಾತ್ರ ದೊಡ್ಡ ದನಿ. ಅವನ ಹೆಂಡತಿ ಸುಗುಣ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಆಗ ಪಿಯುಸಿ.

ಅಕ್ಟೋಬರ್ ಕೊನೆಯ ಭಾನುವಾರವನ್ನು ನಾವು ಸುಧಾರಣಾ ಭಾನುವಾರ ಎಂದು ಆಚರಿಸುತ್ತೇವೆ. ಐನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಶುರುವಾದ ಸುಧಾರಣೆಯ ನೆನಪಿಗೆ. ಗುಬ್ಬಿಯಲ್ಲಿ ಅಂದು ನಾನು ಕೆಲಸದ ಬಗ್ಗೆ ಪ್ರಸಂಗ, ಅಂದರೆ ಉಪದೇಶ, ಮಾಡಿದೆ. ಓದುಗರಿಗೆ ಇದನ್ನು ಎರಡು ಮಾತಿನಲ್ಲಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಲೂಥರನ್ ಚಿಂತನೆಯ ತಿರುಳು ಇಷ್ಟು: ದೇವರ ಕ್ಷಮೆ ಸಂಪಾದಿಸುವಂಥದ್ದಲ್ಲ. ವ್ರತದಿಂದಲೂ ಬಾರದು, ದಾನದಿಂದಲೂ ಬಾರದು; ಅದು ಕೊಡುಗೆ, ನಂಬಿ ಕೈಚಾಚಬೇಕು ಅಷ್ಟೆ. ಹಾಗಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು? ದೇವರಿಗೆ ನಮ್ಮ ಒಳ್ಳೆಯ ಕೆಲಸದ ಅಗತ್ಯವಿಲ್ಲ, ಪಕ್ಕದವನಿಗೆ ಇದೆ. ಆದ್ದರಿಂದ ಮಠದಲ್ಲಿ ಜಪ ಮಾಡುವವನಿಗಿಂತ ಚಪ್ಪಲಿ ಹೊಲಿಯುವವನೋ ಹಾಲು ಕರೆಯುವವಳೋ ಒಂದು ಮೆಟ್ಟಿಲು ಕೆಳಗಿಲ್ಲ. ಅವರವರ ಕಸುಬೇ ಅವರಿಗೆ ಬಂದ ದೇವರ ಕರೆ. ಈ ಮಾತು ಯುರೋಪಿನಲ್ಲಿ ಚರ್ಚನ್ನಷ್ಟೇ ಅಲ್ಲ, ಅಂಗಡಿ, ಶಾಲೆ, ಅಡುಗೆಮನೆಗಳನ್ನೂ ಬದಲಿಸಿತು. ಕಾಯಕದ ಮಾತು ಕೇಳಿ ಬೆಳೆದ ನಮ್ಮ ತುಮಕೂರಿನ ಜನಕ್ಕೆ ಇದು ಹೊಸದೆನಿಸುವುದಿಲ್ಲ.

ಪ್ರಸಂಗದ ನಡುವೆ ಉದಾಹರಣೆಗೆಂದು ನಾನು ಹೇಳಿದೆ: "ನರ್ಸ್ ಸರಿಯಾಗಿ ಇಂಜೆಕ್ಷನ್ ಕೊಟ್ರೆ ಅದೇ ಆರಾಧನೆ. ಡ್ರೈವರ್ ಬ್ರೇಕ್ ನೋಡ್ಕೊಂಡ್ರೆ ಅದೇ ಆರಾಧನೆ." ಮೂರನೆಯ ಸಾಲಿನಲ್ಲಿದ್ದ ಜಯಶೀಲ ತಲೆ ತಗ್ಗಿಸಿದ. ಅವತ್ತು ಹಾಡಿಗೂ ಅವನ ದನಿ ಕೇಳಿಸಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದ.

"ಅಮ್ಮನವ್ರೇ, ಒಸಿ ಮಾತಾಡ್ಬೇಕಿತ್ತು. ಸುಮ್ನೆ ಮಾತಲ್ಲ, ಅರಿಕೆ."

ನಮ್ಮಲ್ಲಿ ಅರಿಕೆಗೆ, ಅಂದರೆ ಪಾಪ ಒಪ್ಪಿಕೊಳ್ಳುವುದಕ್ಕೆ, ಬೇರೆ ಕೋಣೆ, ಪರದೆ ಇಲ್ಲ. ಎರಡು ಕುರ್ಚಿ ಎಳೆದುಕೊಂಡು ಕೂತೆವು. ಅವನು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ಬಾಯ್ಲರಿನೊಳಗೆ ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅಪಾಯ. ಬೆಂಕಿ ತಾಗುವ ಕೊಳವೆಗಳು ನೀರಿಲ್ಲದೆ ಕೆಂಪಗೆ ಕಾಯುತ್ತವೆ. ಆಗ ಗಾಬರಿಯಲ್ಲಿ ಯಾರಾದರೂ ತಣ್ಣೀರು ಹಾಯಿಸಿದರೆ ಅದು ಒಮ್ಮೆಲೇ ಹಬೆಯಾಗಿ ಇಡೀ ಬಾಯ್ಲರ್ ಬಾಂಬಿನಂತೆ ಸಿಡಿಯಬಹುದು. ಹಾಗಾಗದಿರಲೆಂದು ಒಂದು ಕಟ್-ಆಫ್ ಇರುತ್ತದೆ. ನೀರು ಇಳಿದ ತಕ್ಷಣ ಅದು ಬೆಂಕಿಗೆ ಗಾಳಿ ಊದುವ ಫ್ಯಾನನ್ನು ನಿಲ್ಲಿಸಿ ಸೈರನ್ ಕೂಗಿಸುತ್ತದೆ. ಆ ಕಾರ್ಖಾನೆಯ ಬೋರ್‌ವೆಲ್ ನೀರು ಗಡಸು. ಕಟ್-ಆಫ್‌ನ ಕಡ್ಡಿಗಳ ಮೇಲೆ ಸುಣ್ಣದಂಥ ಪದರ ಕಟ್ಟಿ, ನೀರು ಸರಿಯಾಗಿದ್ದಾಗಲೂ ಅದು ಪದೇ ಪದೇ ಫ್ಯಾನ್ ನಿಲ್ಲಿಸುತ್ತಿತ್ತು. ಪ್ರತಿ ಸಲವೂ ಡ್ರೈಯರ್ ತಣ್ಣಗಾಗಿ ಮಾಲು ಕೆಡುತ್ತಿತ್ತು. ಪ್ರೊಡಕ್ಷನ್ ಮ್ಯಾನೇಜರ್ ರುದ್ರೇಶ್ ಬಂದು ಎಲ್ಲರೆದುರು ಬೈಯುತ್ತಿದ್ದರು. ಒಂದು ದಿನ ಜಯಶೀಲ ಬೇಸತ್ತು ಒಂದು ತುಂಡು ವೈರಿನಿಂದ ಆ ಕಟ್-ಆಫನ್ನೇ ಬೈಪಾಸ್ ಮಾಡಿಬಿಟ್ಟ. ಅಂದಿನಿಂದ ಫ್ಯಾನ್ ನಿಲ್ಲಲಿಲ್ಲ. ಬೈಗುಳವೂ ನಿಂತಿತು.

"ಮೊನ್ನೆ ಗುರುವಾರ ಊಟ ಮುಗಿಸ್ಕೊಂಡು ಬಂದು ನೋಡ್ತೀನಿ, ಮಟ್ಟ ತೋರ್ಸೋ ಗ್ಲಾಸಲ್ಲಿ ನೀರೇ ಇಲ್ಲ ಅಮ್ಮನವ್ರೇ. ಪಂಪು ಯಾವಾಗ ನಿಂತಿತ್ತೋ ಗೊತ್ತಿಲ್ಲ. ಒಳಗಿಂದ ಕಟಕಟ ಅಂತ ಸದ್ದು. ಪಂಪ್ ಹಾಕಕ್ಕೆ ಕೈ ಹೋಗಿತ್ತು. ಅದೆಂಗೋ ತಡೆದೆ. ಬೆಂಕಿ ಎಳೆದು ಹೊರಗೆ ಹಾಕ್ದೆ. ರುದ್ರೇಶ್ ಸಾರ್‌ಗೆ ಚಿಪ್ಪು ಹಸಿ ಇತ್ತು ಅಂತ ಸುಳ್ಳು ಹೇಳ್ದೆ."

"ಆಮೇಲೆ?"

"ಆಮೇಲೆ ಮತ್ತೆ ಹಚ್ಚಿದೆ. ಶುಕ್ರವಾರಾನೂ ಹಚ್ಚಿದೆ, ಶನಿವಾರಾನೂ. ಬಾಯ್ಲರ್ ಗೋಡೆ ಆಚೆ ಹೆಂಗಸ್ರು ಕೂತ್ಕೊಂಡು ಕಾಯಿ ಸಿಪ್ಪೆ ಹೆರೀತಾರೆ. ಹೆಬ್ಬೂರಿಂದ ಬರ್ತಾರೆ ಪಾಪ. ಅವ್ರು ನಗೋದು ನಂಗೆ ಗೋಡೆ ಈಚೆಗೂ ಕೇಳಿಸ್ತದೆ. ಅನ್ನ ಇಳೀತಿಲ್ಲ ಅಮ್ಮನವ್ರೇ."

ಅವನು ಕುರ್ಚಿಯಿಂದ ಇಳಿದು ಮೊಣಕಾಲೂರಿದ. ದೇವರ ಕ್ಷಮೆ ಬೇಕು ಎಂದ.

ನನ್ನ ವೃತ್ತಿಯಲ್ಲಿ ಅಂಥ ಇಕ್ಕಟ್ಟು ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ. 'ಮೊದಲು ಹೋಗಿ ಮ್ಯಾನೇಜರ್‌ಗೆ ಹೇಳು, ಆಮೇಲೆ ಕ್ಷಮೆ' ಎನ್ನಬಹುದಿತ್ತು. ಹಾಗೆಂದಿದ್ದರೆ ಅವನು ಓಡಿಹೋಗಿ ಹೇಳುತ್ತಿದ್ದನೋ ಏನೋ. ಆದರೆ ಆಗ ಕ್ಷಮೆಯನ್ನು ಒಂದು ಬೆಲೆಗೆ ಮಾರಿದಂತಾಗುತ್ತಿತ್ತು. ಹಣಕ್ಕೆ ಕ್ಷಮೆ ಮಾರುವ ಯಾವ ವ್ಯಾಪಾರದ ವಿರುದ್ಧ ಲೂಥರನ್ ಸಭೆಯೇ ಹುಟ್ಟಿತೋ ಅದೇ ವ್ಯಾಪಾರ. ಇನ್ನೊಂದು ಕಡೆ, ಷರತ್ತಿಲ್ಲದೆ ಕೊಟ್ಟರೆ? ಇವನು ಹಗುರಾಗಿ ಮನೆಗೆ ಹೋಗಿ ಉಂಡು ಮಲಗಿದರೆ? ಗೋಡೆಯಾಚೆಯ ಹೆಂಗಸರ ಗತಿ ಏನು?

ಎದುರಿಗಿದ್ದ ಮನುಷ್ಯ ಅಳುತ್ತಿದ್ದ. ಅದು ಸುಳ್ಳಿನ ಅಳುವಲ್ಲ. ನಾನು ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯನ್ನು ಸಾರಿದೆ, ಪೂರ್ತಿಯಾಗಿ, ಒಂದು 'ಆದರೆ' ಕೂಡ ಸೇರಿಸದೆ.

ಅವನು ಎದ್ದು ಮುಖ ಒರೆಸಿಕೊಂಡ. "ಮನ್ಸು ಹಗುರಾಯ್ತು ಅಮ್ಮನವ್ರೇ," ಎಂದು ಹೆಲ್ಮೆಟ್ ಎತ್ತಿಕೊಂಡ. ನಾನು ಹೆದರಿದ್ದು ಇದಕ್ಕೇ.

"ಜಯಶೀಲ, ದೇವರ ಹತ್ರ ನಿನ್ನ ವಿಷಯ ಮುಗೀತು. ಆ ಹೆಂಗಸ್ರ ಹತ್ರ ಮುಗಿದಿಲ್ಲ. ಆ ವೈರು ಇನ್ನೂ ಅಲ್ಲೇ ಇದೆ."

ಅವನು ಬಾಗಿಲಲ್ಲಿ ನಿಂತ. "ನಾಳೆ ಹೇಳ್ತೀನಿ," ಎಂದ. ಕಣ್ಣು ಮಾತ್ರ ನನ್ನ ಕಡೆ ಇರಲಿಲ್ಲ.

ಸಂಜೆ ನನಗೆ ಒಂದು ಕಡೆ ಕೂರಲಾಗಲಿಲ್ಲ. ಕಾರ್ಖಾನೆಗೆ ಭಾನುವಾರ ರಜೆ, ಬಾಯ್ಲರ್ ತಣ್ಣಗಿರುತ್ತದೆ ಎನ್ನುವುದೊಂದೇ ಸಮಾಧಾನ. ಸೋಮವಾರ ಬೆಳಿಗ್ಗೆ ಮತ್ತೆ ಬೆಂಕಿ. ಹೆಸರು ಹೇಳದೆ ಪೊಲೀಸರಿಗೋ ಬಾಯ್ಲರ್ ಇಲಾಖೆಗೋ ಫೋನ್ ಮಾಡಿಬಿಡಲೇ ಎಂದು ನಾಲ್ಕಾರು ಸಲ ಮೊಬೈಲ್ ಕೈಗೆತ್ತಿಕೊಂಡೆ. ಮಾಡಿದರೆ ಯಾರು ಹೇಳಿದ್ದೆಂದು ಜಯಶೀಲನಿಗೆ ತಿಳಿಯುತ್ತದೆ, ಸಭೆಯಲ್ಲಿ ಇನ್ನು ಯಾರೂ ಪಾಸ್ಟರ್ ಮುಂದೆ ಬಾಯಿ ಬಿಡುವುದಿಲ್ಲ. ಮಾಡದಿದ್ದರೆ, ನಾಳೆ ಏನಾದರೂ ಆದರೆ, ನಾನು ಹೇಗೆ ಬದುಕಲಿ?

ಕುಣಿಗಲ್‌ನಲ್ಲಿ ನಮ್ಮ ನಿವೃತ್ತ ಪಾಸ್ಟರ್ ಒಬ್ಬರಿದ್ದರು, ನನಗೆ ಕೆಲಸ ಕಲಿಸಿದ ಹಿರಿಯರು. ಅವರಿಗೆ ಫೋನ್ ಮಾಡಿ, ಊರು, ಹೆಸರು, ಕೆಲಸ ಯಾವುದನ್ನೂ ಹೇಳದೆ, ಒಬ್ಬ ಅರಿಕೆ ಮಾಡಿದ್ದಾನೆ, ಅವನು ಸುಮ್ಮನಿದ್ದರೆ ಬೇರೆಯವರ ಪ್ರಾಣಕ್ಕೆ ಕುತ್ತು ಬರಬಹುದು, ಕ್ಷಮೆ ಕೊಟ್ಟು ತಪ್ಪು ಮಾಡಿದೆನೇ ಎಂದು ಕೇಳಿದೆ.

"ಕೊಟ್ಟಿದ್ದು ಸರಿ," ಎಂದರು. "ಕ್ಷಮೇನ ಹಗ್ಗ ಮಾಡ್ಕೊಂಡು ಯಾರನ್ನೂ ಎಳೀಬೇಡಮ್ಮ. ಆದ್ರೆ ಕ್ಷಮೆ ಕೊಟ್ಟು ಕೈ ತೊಳ್ಕೊಂಡ್ರೂ ಆಗಲ್ಲ. ಅವನ ಜೊತೆ ಹೋಗು."

"ಎಲ್ಲಿಗೆ?"

"ಅವ್ನು ಎಲ್ಲಿ ನಿಲ್ಲಕ್ಕೆ ಹೆದರ್ತಾನೋ ಅಲ್ಲಿಗೆ."

ಸೋಮವಾರ ಬೆಳಿಗ್ಗೆ ನಾನು ಸ್ಕೂಟರ್ ಹತ್ತಿ ಅಂತರಸನಹಳ್ಳಿಗೆ ಹೋದೆ. ಕಾರ್ಖಾನೆಯ ಗೇಟಿನ ಎದುರಿನ ಟೀ ಅಂಗಡಿಯ ಬಳಿ ನಿಂತು ಮೊದಲು ನೋಡಿದ್ದು ಚಿಮಣಿಯನ್ನು. ಹೊಗೆ ಬರುತ್ತಿತ್ತು. ಬಾಯ್ಲರ್ ಹಚ್ಚಿದ್ದಾನೆ, ಅಂದರೆ ಹೇಳಿಲ್ಲ.

ಹೆಬ್ಬೂರು ಕಡೆಯ ಬಸ್ಸಿನಿಂದ ಹೆಂಗಸರ ಗುಂಪು ಇಳಿದು ಬಂತು. ಟಿಫನ್ ಡಬ್ಬಿ, ಮಾತು, ನಗು. ಒಬ್ಬಾಕೆ, ನಾಗರತ್ನಮ್ಮ ಎಂದು ಆಮೇಲೆ ಗೊತ್ತಾಯಿತು, ನನ್ನ ಮುಖ ನೋಡಿ ನಿಂತಳು.

"ಏನಮ್ಮಾ, ಹುಷಾರಿಲ್ವ? ಮುಖ ಎಲ್ಲ ಬೆವ್ತಿದೆ."

'ಒಳಗೆ ಹೋಗಬೇಡಿ' ಎನ್ನಲು ಹೋಗಿ ತಡೆದುಕೊಂಡೆ. "ಒಂದ್ ಟೀ ಕುಡೀತೀರಾ ನನ್ ಜೊತೆ?" ಎಂದೆ. ಬೇರೇನೂ ತೋಚಲಿಲ್ಲ.

"ಅಯ್ಯೋ, ಲೇಟಾದ್ರೆ ಅರ್ಧ ದಿನದ ಕೂಲಿ ಹೋಯ್ತದೆ ಕಣಮ್ಮ," ಎಂದು ನಗುತ್ತಾ ಗೇಟಿನೊಳಗೆ ಹೋದಳು. ಅವಳ ಸೀರೆಯ ಹಸಿರು ಸೆರಗು ಮರೆಯಾಗುವವರೆಗೆ ನೋಡುತ್ತಿದ್ದೆ.

ಅಷ್ಟರಲ್ಲಿ ಬೈಕಿನಲ್ಲಿ ರುದ್ರೇಶ್ ಬಂದರು. ಕ್ಯಾತ್ಸಂದ್ರದವರು, ಹಣೆಯಲ್ಲಿ ವಿಭೂತಿ, ಅವಸರದ ಮನುಷ್ಯ. ನಾನು ಜಯಶೀಲನ ಚರ್ಚಿನವಳು, ಅವನನ್ನು ಒಂದು ಗಳಿಗೆ ನೋಡಬೇಕಿತ್ತು ಎಂದೆ. ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡರೋ ಏನೋ, ದನಿ ತಗ್ಗಿಸಿ, "ಹೋಗಿ ಬನ್ನಿ ಮೇಡಂ. ಇವತ್ತು ಕಂಟೇನರ್ ಲೋಡ್ ಇದೆ, ಐದ್ ನಿಮಿಷದಲ್ಲಿ ಬಿಟ್ಬಿಡಿ ಅವನ್ನ," ಎಂದು ಸೆಕ್ಯುರಿಟಿಯವನಿಗೆ ಸನ್ನೆ ಮಾಡಿದರು.

ಬಾಯ್ಲರ್ ಮನೆಯ ಬಾಗಿಲಲ್ಲಿ ನನ್ನನ್ನು ಕಂಡು ಜಯಶೀಲನ ಕೈಯಲ್ಲಿದ್ದ ಸಲಿಕೆ ನೆಲಕ್ಕೆ ಬಿತ್ತು.

"ಅಮ್ಮನವ್ರೇ, ನೀವ್ಯಾಕೆ ಬಂದ್ರಿ ಇಲ್ಲಿಗೆ?"

"ಹೇಳಿದ್ಯಾ?"

"ಸಾಯಂಕಾಲ ಹೇಳ್ತೀನಿ. ಕಂಟೇನರ್ ಒಂದು ಹೋಗ್ಲಿ. ಇವತ್ತು ರೆಪ್ಪೆ ಹೊಡೀದೆ ಗ್ಲಾಸ್ ನೋಡ್ತಾ ಇದೀನಿ, ಆಣೆಗೂ."

"ವೈರು?"

ಅವನು ಗೋಡೆಯ ಪೆಟ್ಟಿಗೆಯ ಕಡೆ ನೋಡಿದ. "ಹಂಗೇ ಐತೆ."

ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಕಂದು ಕಲೆಯಿಂದ ಮಬ್ಬಾಗಿತ್ತು. ನನ್ನ ಕಣ್ಣಿಗಂತೂ ಅದರಲ್ಲಿ ನೀರಿದೆಯೋ ಇಲ್ಲವೋ ತಿಳಿಯಲಿಲ್ಲ. ಫ್ಯಾನಿನ ಮೊರೆತಕ್ಕೆ ಕಾಲಡಿಯ ನೆಲ ಸಣ್ಣಗೆ ನಡುಗುತ್ತಿತ್ತು.

"ನಾನು ಯಾರಿಗೂ ಏನೂ ಹೇಳಲ್ಲ ಜಯಶೀಲ," ಎಂದೆ. "ಅದು ನಿಂಗೆ ಕೊಟ್ಟ ಮಾತು. ಆದ್ರೆ ನೀನು ಹೇಳೋವರೆಗೂ ಆ ಗೋಡೆ ಪಕ್ಕ ಕೂತಿರ್ತೀನಿ."

"ಬ್ಯಾಡಿ ಅಮ್ಮನವ್ರೇ. ದಮ್ಮಯ್ಯ ಅಂತೀನಿ. ಮನೆಗೋಗಿ."

"ಯಾಕೆ? ಅವ್ರು ಕೂತಿಲ್ವ?"

ನಾನು ಸುತ್ತಿ ಬಂದು ಹೆಂಗಸರ ಶೆಡ್ಡಿನೊಳಗೆ ಹೋದೆ. ಉದ್ದಕ್ಕೆ ಮಣೆ ಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬರ ಮುಂದೂ ಚಿಪ್ಪು ಬಿಡಿಸಿದ ಕಾಯಿಯ ರಾಶಿ. ನಾಗರತ್ನಮ್ಮ ನನ್ನನ್ನು ಗುರುತಿಸಿ ಜಾಗ ಬಿಟ್ಟುಕೊಟ್ಟಳು.

"ಕೆಲ್ಸಕ್ಕೆ ಸೇರಕ್ಕೆ ಬಂದ್ರಾ? ಸುಮ್ನೆ ಕೂತ್ರೆ ಬೈತಾರೆ, ಹಿಡ್ಕಳಿ," ಎಂದು ಒಂದು ಕಾಯಿ, ಒಂದು ಹೆರೆಯುವ ಚಾಕು ಕೊಟ್ಟಳು. ಉಳಿದವರು ನಕ್ಕರು.

ನನ್ನ ಬೆನ್ನಿಗೆ ಬಾಯ್ಲರ್ ಮನೆಯ ಗೋಡೆ ಬೆಚ್ಚಗೆ ತಾಗುತ್ತಿತ್ತು. ಧೈರ್ಯದಿಂದ ಕೂತಿದ್ದೆ ಎಂದು ಯಾರೂ ತಿಳಿಯಬಾರದು. ಆಚೆಯಿಂದ ಒಂದು ಸಣ್ಣ ಸದ್ದಾದರೂ ತಿರುಗಿ ಗೋಡೆ ನೋಡುತ್ತಿದ್ದೆ. ನಾಗರತ್ನಮ್ಮ ತನ್ನ ಸೊಸೆಗೆ ಏಳು ತಿಂಗಳಾಗಿರುವುದನ್ನು, ಮೊಮ್ಮಗುವಿಗೆ ಹಾಲಿಗೆಂದು ಹಸು ಕಟ್ಟಿರುವುದನ್ನು ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಮನಸ್ಸಿನಲ್ಲಿ ಒಂದೇ ಪ್ರಶ್ನೆ: ನಾನು ಮಾಡುತ್ತಿರುವುದು ಸರಿಯೇ? ಬಾಯಿ ಮುಚ್ಚಿಕೊಂಡು ಇವರ ಜೊತೆ ಕೂತಿರುವುದಕ್ಕಿಂತ ಬಾಯಿ ಬಿಟ್ಟು ಇವರನ್ನು ಎಬ್ಬಿಸುವುದು ಮೇಲಲ್ಲವೇ? ಇನ್ನೊಂದು ಕಾಯಿ ಮುಗಿಯುವಷ್ಟರಲ್ಲಿ ಅವನು ಬರದಿದ್ದರೆ ಎದ್ದು ಕೂಗಿಬಿಡುತ್ತೇನೆ ಎಂದುಕೊಂಡೆ. ಕಾಯಿ ಮುಗಿಯಿತು. ಇನ್ನೊಂದು ಎತ್ತಿಕೊಂಡೆ.

ಆಗ ಫ್ಯಾನಿನ ಮೊರೆತ ನಿಂತಿತು.

ನಾನು ಕಣ್ಣು ಮುಚ್ಚಿದೆ. ಕಟ್-ಆಫ್ ಅಂತೂ ಕೆಲಸ ಮಾಡುತ್ತಿಲ್ಲ. ಹಾಗಾದರೆ ಫ್ಯಾನ್ ನಿಲ್ಲಿಸಿದ್ದು ಜಯಶೀಲನ ಕೈಯೇ ಇರಬೇಕು ಎಂದು ಹೊಳೆಯುವುದಕ್ಕೆ ಒಂದು ಕ್ಷಣ ಬೇಕಾಯಿತು. ಗೋಡೆಯಾಚೆ ಸಲಿಕೆ ಕಲ್ಲಿಗೆ ಉಜ್ಜುವ ಸದ್ದು. ಜಯಶೀಲ ಬೆಂಕಿಯನ್ನು ಹೊರಗೆಳೆದು ಹಾಕುತ್ತಿದ್ದ.

ರುದ್ರೇಶ್ ಶೆಡ್ಡಿನ ಮುಂದಿನ ಅಂಗಳಕ್ಕೆ ಓಡಿ ಬಂದರು. "ಯಾಕ್ಲಾ ನಿಲ್ಸಿದ್ದೀಯ? ಡ್ರೈಯರ್ ಕಾವು ಇಳೀತಾ ಇದೆ!"

ಜಯಶೀಲ ಬಾಯ್ಲರ್ ಮನೆಯಿಂದ ಹೊರಬಂದು ಅವರ ಎದುರಿಗೆ ನಿಂತ. ಮುಖವೆಲ್ಲ ಮಸಿ. "ಸಾರ್, ಮೊದ್ಲು ಹೆಂಗಸ್ರನ್ನ ಈ ಗೋಡೆಯಿಂದ ದೂರ ಕಳಿಸಿ. ಕಟ್-ಆಫ್‌ಗೆ ನಾನು ವೈರ್ ಹಾಕಿದ್ದೆ. ಗುರುವಾರ ನೀರು ಪೂರ್ತಿ ಇಳಿದಿತ್ತು. ನಿಮಗೆ ಸುಳ್ಳು ಹೇಳ್ದೆ."

"ಏನಂದೆ?"

"ನಾನೇ ಹಾಕಿದ್ದು ಸಾರ್. ಯಾರೂ ಹೇಳ್ಕೊಟ್ಟಿಲ್ಲ."

ರುದ್ರೇಶ್ ಹೊಡೆದೇಬಿಡುತ್ತಾರೆ ಎನಿಸಿತು. ಎತ್ತಿದ ಕೈ ಹಾಗೇ ನಿಂತಿತು. ಶೆಡ್ಡಿನ ಕಡೆ ತಿರುಗಿ ನೋಡಿದರು. ಅಷ್ಟೂ ಹೆಂಗಸರು ಇವರನ್ನೇ ನೋಡುತ್ತಿದ್ದರು. ಆಮೇಲೆ ರುದ್ರೇಶ್ ಮಾಡಿದ್ದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಮಾಲೀಕರಿಗೆ ಫೋನ್ ಮಾಡಿ ಕೇಳುವುದಕ್ಕೂ ಮೊದಲು ಅವರು ಚಪ್ಪಾಳೆ ತಟ್ಟಿ ಕೂಗಿದರು: "ಎಲ್ಲ ಎದ್ದೇಳಿ! ಗೇಟಿನ ಹತ್ರ ಹೋಗಿ. ಕಾಯಿ ಅಲ್ಲೇ ಬುಡಿ, ಬುಡಿ ಅಂದೆ!"

ಗೇಟಿನ ಬಳಿ ಬೇವಿನ ಮರದ ಕೆಳಗೆ ಎಲ್ಲರೂ ನಿಂತೆವು. ನಾನು ಅಲ್ಲೇ ನೆಲದ ಮೇಲೆ ಕೂತೆ. ನಾಗರತ್ನಮ್ಮ ತನ್ನ ಬಾಟಲಿಯಿಂದ ನೀರು ಕುಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ ರುದ್ರೇಶ್ ಬಂದು ನನ್ನನ್ನು ನೇರವಾಗಿ ಕೇಳಿದರು.

"ನಿಮಗೆ ಮೊದ್ಲೇ ಗೊತ್ತಿತ್ತಾ ಮೇಡಂ?"

"ಆ ಪ್ರಶ್ನೆಗೆ ನಾನು ಉತ್ತರ ಕೊಡೋ ಹಾಗಿಲ್ಲ ಸಾರ್."

"ನಾನೂ ದಿನಾ ಬೈತಿದ್ದೆ ಅವನ್ನ, ಫ್ಯಾನ್ ನಿಂತ್ರೆ ಸಾಕು," ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡಿದ್ದೋ ತಿಳಿಯಲಿಲ್ಲ.

ಬಾಯ್ಲರ್ ತಣ್ಣಗಾದ ಮೇಲೆ ಬಿಚ್ಚಿ ನೋಡಿದರು. ಕೆಲವು ಕೊಳವೆಗಳು ಕಾದು ಉಬ್ಬಿದ್ದವಂತೆ. ಪರೀಕ್ಷಿಸಿದ ಇಂಜಿನಿಯರ್, ಇದು ಇನ್ನೊಂದು ವರ್ಷ ಓಡಿದ್ದರೂ ಓಡಬಹುದಿತ್ತು, ಇನ್ನೊಂದು ದಿನ ಓಡದೆಯೂ ಇರಬಹುದಿತ್ತು ಎಂದರಂತೆ. ಕಾರ್ಖಾನೆ ಕೆಲವು ವಾರ ನಿಂತಿತು. ನೀರಿನ ಗಡಸು ತೆಗೆಯುವ ಯಂತ್ರ ಬಂತು, ಹೆಂಗಸರ ಶೆಡ್ಡು ಕಾಂಪೌಂಡಿನ ಇನ್ನೊಂದು ಮೂಲೆಗೆ ಹೋಯಿತು.

ಜಯಶೀಲನ ಕೆಲಸ ಹೋಯಿತು. ಅದನ್ನು ಅವನೂ ನಿರೀಕ್ಷಿಸಿದ್ದ. ಬೇರೆ ಯಾವ ಬಾಯ್ಲರಿನ ಹತ್ತಿರವೂ ಅವನನ್ನು ಯಾರೂ ಕರೆಯಲಿಲ್ಲ. ಒಂದಷ್ಟು ಕಾಲ ಗುಬ್ಬಿಯ ಒಂದು ಗೊಬ್ಬರದ ಅಂಗಡಿಯಲ್ಲಿ ಮೂಟೆ ಇಳಿಸಿದ. ಈಗ ಕುಣಿಗಲ್ ಬಳಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಸ್ಟೀಮ್ ಪಾತ್ರೆಗಳನ್ನು ನೋಡಿಕೊಳ್ಳುತ್ತಾನೆ. ಸುಗುಣ ಬಹಳ ದಿನ ಆರಾಧನೆಗೆ ಬರಲಿಲ್ಲ. ನಾನೇ ಮನೆಗೆ ಹೋದಾಗ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತದೆ ಕೇಳಿದಳು: "ಕ್ಷಮಿಸಿದ ಮೇಲೆ ಆಯ್ತಲ್ಲ ಅಮ್ಮನವ್ರೇ. ಮತ್ಯಾಕೆ ಹಿಂದೆ ಬಂದ್ರಿ?"

ನಾನು ಏನೋ ಹೇಳಲು ಹೋದೆ. ಒಳಗಿನಿಂದ ಜಯಶೀಲನೇ ಬಂದು ಅಂದ: "ಬಂದಿದ್ದಕ್ಕೇ ಕಣೇ ನಂಗೆ ಬಾಯಿ ಬಂದಿದ್ದು. ಕ್ಷಮೆ ಸಿಗದೆ ಇದ್ದಿದ್ರೆ ದೇವ್ರು ನರಕಕ್ಕೆ ಹಾಕ್ತಾನೆ ಅಂತ ಹೆದ್ರ್ಕೊಂಡು ಇನ್ನೂ ಮುಚ್ಚಿಡ್ತಿದ್ದೆ. ಆ ಭಯ ಹೋಗಿತ್ತು. ಉಳಿದಿದ್ದು ಬರೀ ನಾಚಿಕೆ. ನಾಚಿಕೆ ಒಂದೇ ಆದ್ರೆ ಮನುಷ್ಯ ನುಂಗ್ಕೋಬೋದು." ಸುಗುಣ ಮೆಷಿನ್ ತುಳಿಯುವುದನ್ನು ನಿಲ್ಲಿಸಿದಳು. ಅಂದು ಅವಳು ನನಗೆ ಕಾಫಿ ಕೊಡಲಿಲ್ಲ. ಮುಂದಿನ ಈಸ್ಟರ್‌ಗೆ ಮಗಳ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಳು.

ನಿವೃತ್ತಿಯಾದ ಮೇಲೆ ಹೊಸ ಪಾಸ್ಟರುಗಳ ತರಬೇತಿಗೆ ನನ್ನನ್ನು ಕರೆಯುತ್ತಾರೆ. ಅಲ್ಲಿ ಜಯಶೀಲನ ಒಪ್ಪಿಗೆಯಿಂದ, ಹೆಸರು, ಊರು ಬಿಟ್ಟು ಈ ಸಂಗತಿಯನ್ನು ಹೇಳುತ್ತೇನೆ. ಕ್ಷಮೆ ಪೂರ್ತಿ ಉಚಿತ, ಅದಕ್ಕೊಂದು ಷರತ್ತು ಕಟ್ಟಬೇಡಿ. ಆದರೆ ಅದನ್ನು ಸಾರಿದವರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಕ್ಷಮೆ ಪಡೆದವನು ತನ್ನ ನೆರೆಯವರ ಮುಂದೆ ನಿಲ್ಲಬೇಕಾದಾಗ ಪಕ್ಕದಲ್ಲಿ ನೀವಿರಬೇಕು ಎನ್ನುತ್ತೇನೆ. ನನ್ನ ವೃತ್ತಿ ನನಗೆ ಕಲಿಸಿದ್ದು ಅಷ್ಟು.

ಕಳೆದ ಸಲ ಒಬ್ಬ ಹುಡುಗಿ, ಮುಂದಿನ ವರ್ಷ ದೀಕ್ಷೆ ಪಡೆಯುವವಳು, ಕೈಯೆತ್ತಿ ಕೇಳಿದಳು: "ಅವ್ನು ಬಾಯಿ ಬಿಡದೇ ಇದ್ದಿದ್ರೆ ನೀವು ಕೂಗ್ತಿದ್ರಾ ಮೇಡಂ? ಮಾತು ಮುರೀತಿದ್ರಾ?"

ಕೋಣೆಯಲ್ಲಿ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮಾತು ಮುರಿಯುತ್ತಿದ್ದೆ ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಆ ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಹೊತ್ತಿನಲ್ಲಿ ಎಷ್ಟು ಗೊತ್ತಿರಲಿಲ್ಲವೋ ಇವತ್ತಿಗೂ ಅಷ್ಟೇ ಗೊತ್ತಿಲ್ಲ.

"ಅದು ನಂಗೆ ಗೊತ್ತಿಲ್ಲಮ್ಮ," ಎಂದೆ. "ಎದ್ದು ಮನೆಗೆ ಹೋಗ್ತಿರ್ಲಿಲ್ಲ. ಅಷ್ಟು ಮಾತ್ರ ಗೊತ್ತು."